ಹೊಟ್ಟೆಯಲ್ಲಿದ್ದಾಗಲೇ ಕಾಣುವ ಶ್ವಾಸಕೋಶದ ತೊಂದರೆ: ಸ್ಕ್ಯಾನ್ ಗೋವಾದಲ್ಲಿ, ಹೆರಿಗೆ ತವರಿನಲ್ಲಿ



ಗೋವಾದ ಕನ್ನಡ ಮನೆಗಳಲ್ಲಿ ಒಂದು ವಾಡಿಕೆ ಇದೆ. ವಾಸ್ಕೋ, ಮಡಗಾಂವ್, ಫೋಂಡಾ, ಮಾಪುಸಾದಲ್ಲಿ ನೆಲೆಸಿದ ಹೆಣ್ಣುಮಗಳು ಐದನೇ ತಿಂಗಳ ಸ್ಕ್ಯಾನ್ ಇಲ್ಲೇ ಮಾಡಿಸುತ್ತಾಳೆ. ಏಳನೇ ತಿಂಗಳಲ್ಲಿ ಕುಬಸ ಆಗುತ್ತದೆ. ಆಮೇಲೆ ತವರಿನವರು ಬಂದು ಗದಗ, ಬಾಗಲಕೋಟೆ, ವಿಜಯಪುರ, ಹಾವೇರಿ, ಖಾನಾಪುರ ಅಥವಾ ಕಾರವಾರದ ಕಡೆ ಕರೆದುಕೊಂಡು ಹೋಗುತ್ತಾರೆ. ಹೆರಿಗೆ ಅಲ್ಲಿ ಆಗುತ್ತದೆ. ಸ್ಕ್ಯಾನ್ ರಿಪೋರ್ಟಿನ ಫೈಲು ಮಾತ್ರ ಎಷ್ಟೋ ಸಲ ಇಲ್ಲಿಯ ಅಲ್ಮೇರಾದಲ್ಲೇ ಉಳಿದುಬಿಡುತ್ತದೆ.

ಹೆಚ್ಚಿನ ಬಸುರಿಗಳಿಗೆ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ಮಗುವಿನ ಶ್ವಾಸಕೋಶದಲ್ಲಿ ಹುಟ್ಟುದೋಷ ಇದ್ದರೆ, ಆ ಫೈಲು ಇದೆಯೋ ಇಲ್ಲವೋ ಎಂಬುದರ ಮೇಲೆ ಮೊದಲ ಒಂದು ಗಂಟೆಯ ಚಿಕಿತ್ಸೆ ನಿಂತಿರುತ್ತದೆ. ಗೋವಾ ಮತ್ತು ಗಡಿ ಊರುಗಳ ನಮ್ಮ ಸದಸ್ಯರು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು ಎಂದು ತಿಳಿಯಲು ಇದು ನೆರವಾದರೆ ಸಾಕು.

ಇವು ಯಾವ ದೋಷಗಳು?

ನಮ್ಮ ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ಗರ್ಭದ ಮೊದಲ ತಿಂಗಳುಗಳಲ್ಲಿ ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆಯುತ್ತಾ ಈ ಹಾಲೆಗಳನ್ನು ಕಟ್ಟುತ್ತದೆ. ಆ ಕವಲಿನಲ್ಲಿ ಎಲ್ಲೋ ಒಂದು ಕಡೆ ಬೆಳವಣಿಗೆ ದಾರಿ ತಪ್ಪಿದರೆ ಹುಟ್ಟುದೋಷ ಉಂಟಾಗುತ್ತದೆ. ಮುಖ್ಯವಾದವು ಇವು.

ಸಿಪಿಎಎಂ: ಒಂದು ಹಾಲೆಯಲ್ಲಿ ನೀರುಗುಳ್ಳೆಗಳು ಅಥವಾ ಗಟ್ಟಿಯಾದ ಗಂಟು ಬೆಳೆದಿರುತ್ತದೆ. ಹಳೆಯ ರಿಪೋರ್ಟುಗಳಲ್ಲಿ ಇದನ್ನೇ ಸಿಸಿಎಎಂ ಎಂದು ಬರೆಯುತ್ತಿದ್ದರು. ವೈದ್ಯಲೋಕ ಇದನ್ನು ಮೊದಲು ವಿವರಿಸಿದ್ದು 1949ರಲ್ಲಿ. ಹುಟ್ಟುವ ಹತ್ತಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವಂಥದ್ದು. ಒಳ್ಳೆಯ ಸ್ಕ್ಯಾನ್ ಯಂತ್ರಗಳು ಬಂದ ಮೇಲೆ ಮೊದಲಿಗಿಂತ ಹೆಚ್ಚು ಕಣ್ಣಿಗೆ ಬೀಳುತ್ತಿದೆ.

ಸೀಕ್ವೆಸ್ಟ್ರೇಶನ್: ಶ್ವಾಸಕೋಶದ ಒಂದು ತುಂಡು ಉಸಿರಿನ ನಾಳಕ್ಕೆ ಸರಿಯಾಗಿ ಸೇರದೆ ಬೇರೆಯಾಗಿ ಉಳಿದಿರುತ್ತದೆ. ಅದಕ್ಕೆ ರಕ್ತ ಬರುವುದು ಶ್ವಾಸಕೋಶದ ನಾಳದಿಂದಲ್ಲ, ನೇರವಾಗಿ ಮಹಾಪಧಮನಿಯ ಕವಲಿನಿಂದ. ಬಣ್ಣದ ಡಾಪ್ಲರ್ ಸ್ಕ್ಯಾನ್‌ನಲ್ಲಿ ಈ ರಕ್ತನಾಳ ಕಂಡರೆ ಗುರುತು ಸಿಕ್ಕಂತೆ.

ಹಾಲೆ ಉಬ್ಬುವಿಕೆ: ಒಂದು ಹಾಲೆಗೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹಾಲೆ ಬಲೂನಿನಂತೆ ಉಬ್ಬಿ ಪಕ್ಕದ ಶ್ವಾಸಕೋಶವನ್ನು ಒತ್ತುತ್ತದೆ. ಎಡಗಡೆಯ ಮೇಲಿನ ಹಾಲೆಯಲ್ಲಿ ಹೆಚ್ಚು.

ಶ್ವಾಸನಾಳದ ಗುಳ್ಳೆ: ಶ್ವಾಸನಾಳದ ಬಳಿ ಬೆಳೆಯುವ ಒಂಟಿ ನೀರುಗುಳ್ಳೆ. ಅದು ನಾಳವನ್ನು ಒತ್ತಿದಾಗ ತೊಂದರೆ ಶುರುವಾಗುತ್ತದೆ.

ಇವುಗಳ ಜೊತೆಗೆ ಹೇಳಲೇಬೇಕಾದ ಇನ್ನೊಂದು ದೋಷ ಸಿಡಿಎಚ್. ಇದು ಶ್ವಾಸಕೋಶದ್ದಲ್ಲ, ವಪೆಯದ್ದು. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿ ತೂತು ಇದ್ದು ಕರುಳು, ಹೊಟ್ಟೆಚೀಲ ಎದೆಯೊಳಗೆ ಏರಿರುತ್ತವೆ. ಶ್ವಾಸಕೋಶಕ್ಕೆ ಬೆಳೆಯಲು ಜಾಗ ಸಿಗುವುದಿಲ್ಲ. ಸುಮಾರು ಮೂರು ಸಾವಿರ ಹೆರಿಗೆಗೆ ಒಂದು, ಬಹುಪಾಲು ಎಡಗಡೆ. ಸ್ಕ್ಯಾನ್‌ನಲ್ಲಿ ಇದೂ ಸಿಪಿಎಎಂ ಕೂಡ ಒಂದೇ ರೀತಿ ಕಾಣಬಹುದು. ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಆದ್ದರಿಂದ ಇವೆರಡನ್ನು ಬೇರ್ಪಡಿಸಿ ಹೇಳಬಲ್ಲ ತಜ್ಞರ ಎರಡನೇ ಸ್ಕ್ಯಾನ್ ಬೇಕೇ ಬೇಕು.

ತಾಯಿ ತಿಂದದ್ದರಿಂದ, ಗ್ರಹಣದಲ್ಲಿ ಹೊರಗೆ ಹೋದದ್ದರಿಂದ, ಭಾರ ಎತ್ತಿದ್ದರಿಂದ ಇವು ಬರುವುದಿಲ್ಲ. ಇದನ್ನು ಅತ್ತೆ ಮನೆಯವರೂ ತವರಿನವರೂ ಮೊದಲು ತಿಳಿದುಕೊಳ್ಳಬೇಕು. ರಿಪೋರ್ಟ್ ಕೇಳಿ ಕುಗ್ಗಿದ ಹುಡುಗಿಯ ಮೇಲೆ ತಪ್ಪು ಹೊರಿಸುವುದು ಇನ್ನೊಂದು ಅನ್ಯಾಯ.

ಯಾವ ಸ್ಕ್ಯಾನ್, ಯಾವಾಗ?

ಗರ್ಭದ ಮಗುವನ್ನು ಅಲ್ಟ್ರಾಸೌಂಡ್‌ನಿಂದ ನೋಡಬಹುದೆಂದು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಬರೆದರು. ಇಂದು 18ರಿಂದ 20 ವಾರದ ಹೊತ್ತಿಗೆ ಮಾಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಅಂಗಾಂಗಗಳನ್ನು ಒಂದೊಂದಾಗಿ ನೋಡುತ್ತಾರೆ. ನಮ್ಮವರು ಐದನೇ ತಿಂಗಳ ಸ್ಕ್ಯಾನ್ ಎನ್ನುವುದು ಇದನ್ನೇ. ಎದೆಯೊಳಗಿನ ಗುಳ್ಳೆ, ಹೃದಯ ಒಂದು ಪಕ್ಕಕ್ಕೆ ಸರಿದಿರುವುದು, ಹೊಟ್ಟೆಚೀಲ ಎದೆಯಲ್ಲಿ ಕಾಣುವುದು ಇಲ್ಲಿ ಪತ್ತೆಯಾಗುತ್ತದೆ.

ಕೆಲವರು ಸ್ಕ್ಯಾನ್ ಎಂದರೆ ಕಾನೂನಿಗೆ ವಿರುದ್ಧವೇನೋ ಎಂದು ಹಿಂಜರಿಯುತ್ತಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ತಡೆಯುವುದು ಗಂಡೋ ಹೆಣ್ಣೋ ಎಂದು ನೋಡುವುದನ್ನು ಮತ್ತು ಹೇಳುವುದನ್ನು. ಮಗುವಿನ ದೋಷ ಪತ್ತೆ ಮಾಡುವ ಸ್ಕ್ಯಾನ್‌ಗೆ ನೋಂದಾಯಿತ ಕೇಂದ್ರದಲ್ಲಿ ಯಾವ ಅಡ್ಡಿಯೂ ಇಲ್ಲ. ಖರ್ಚು ಕಷ್ಟವಾದವರು ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಹೋಗಿ, ಸ್ಕ್ಯಾನ್ ಎಲ್ಲಿ ಆಗುತ್ತದೆ ಎಂದು ಕೇಳಬಹುದು.

ರಿಪೋರ್ಟಿನಲ್ಲಿ ದೋಷ ಬರೆದಿದ್ದರೆ

ಮೊದಲ ಮಾತು: ಗಾಬರಿಯಲ್ಲಿ ಆ ದಿನವೇ ಯಾವ ತೀರ್ಮಾನವನ್ನೂ ಮಾಡಬೇಡಿ. ಸಿಪಿಎಎಂ ಅಥವಾ ಸೀಕ್ವೆಸ್ಟ್ರೇಶನ್ ಇರುವ ಬಹುಪಾಲು ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಅಳುತ್ತವೆ, ಹಾಲು ಕುಡಿಯುತ್ತವೆ, ಬದುಕುತ್ತವೆ. ದೋಷವಿದೆ ಎಂದ ಮಾತ್ರಕ್ಕೆ ಬಸುರು ತೆಗೆಸಬೇಕೆಂದಿಲ್ಲ. 2021ರ ತಿದ್ದುಪಡಿಯ ನಂತರ, ಮಗುವಿಗೆ ಗಂಭೀರ ದೋಷವಿದ್ದರೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿಯ ಮುಂದೆ ಹೋಗಲು ಅವಕಾಶವಿದೆ. ಹಾಗಾಗಿ ಎರಡನೇ ಅಭಿಪ್ರಾಯ ಪಡೆಯಲು ಸಮಯ ಸಿಗುತ್ತದೆ.

ಎರಡನೆಯದು: ಸ್ಕ್ಯಾನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸಿಪಿಎಎಂ ಗಂಟು ಸಾಮಾನ್ಯವಾಗಿ 26ರಿಂದ 28 ವಾರದವರೆಗೆ ಬೆಳೆಯುತ್ತದೆ, ಆಮೇಲೆ ನಿಲ್ಲುತ್ತದೆ ಅಥವಾ ಕುಗ್ಗುತ್ತದೆ. ಅಂದರೆ ಐದನೇ ತಿಂಗಳಿನಿಂದ ಏಳನೇ ತಿಂಗಳವರೆಗಿನ ಕಾಲವೇ ಹೆಚ್ಚು ಕಣ್ಣಿಡಬೇಕಾದ ಕಾಲ. ಕುಬಸದ ತಯಾರಿಯಲ್ಲಿ ನಾವು ಆಸ್ಪತ್ರೆ ಮರೆಯುವ ಕಾಲವೂ ಅದೇ.

ವೈದ್ಯರು ಗಂಟಿನ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಅದನ್ನು 0.52ರಿಂದ ಗುಣಿಸಿ, ಮಗುವಿನ ತಲೆಯ ಸುತ್ತಳತೆಯಿಂದ ಭಾಗಿಸುತ್ತಾರೆ. ಈ ಸಂಖ್ಯೆಗೆ ಸಿವಿಆರ್ ಎಂದು ಹೆಸರು. 1.6ಕ್ಕಿಂತ ಹೆಚ್ಚಿದ್ದರೆ ಮಗುವಿನ ಮೈಯಲ್ಲಿ ನೀರು ತುಂಬುವ ಅಪಾಯ ಹೆಚ್ಚು. ಹೀಗೆ ನೀರು ತುಂಬುವುದನ್ನು ಹೈಡ್ರಾಪ್ಸ್ ಎನ್ನುತ್ತಾರೆ. ಚಿಂತೆ ಮಾಡಬೇಕಾದ ಸ್ಥಿತಿ ಅದು. ಸಿವಿಆರ್ ಕಡಿಮೆ ಇದ್ದು ಹೈಡ್ರಾಪ್ಸ್ ಇಲ್ಲದಿದ್ದರೆ ಫಲಿತಾಂಶ ಬಹುತೇಕ ಒಳ್ಳೆಯದೇ. ಆದ್ದರಿಂದ ವೈದ್ಯರನ್ನು ಹೀಗೆ ಕೇಳಿ: “ಡಾಕ್ಟ್ರೇ, ಸಿವಿಆರ್ ಎಷ್ಟಿದೆ? ಹೈಡ್ರಾಪ್ಸ್ ಇದೆಯೇ? ಹೃದಯ ಎಷ್ಟು ಸರಿದಿದೆ? ಮುಂದಿನ ಸ್ಕ್ಯಾನ್ ಯಾವಾಗ?”

ಏಳು–ಎಂಟನೇ ತಿಂಗಳಿನ ಸ್ಕ್ಯಾನ್‌ನಲ್ಲಿ ಗಂಟು ಕಾಣದೇ ಹೋಗಬಹುದು. ಆಗ ಮನೆಯವರು “ಹೋಯ್ತು, ದೇವರು ದೊಡ್ಡವನು” ಎಂದು ಫೈಲು ಮುಚ್ಚಿಡುತ್ತಾರೆ. ಸುತ್ತಲಿನ ಶ್ವಾಸಕೋಶದ ಬಣ್ಣಕ್ಕೆ ಹೊಂದಿಕೊಂಡು ಗಂಟು ಮರೆಯಾಗಿರುವುದೇ ಹೆಚ್ಚು. ಹುಟ್ಟಿದ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಿದಾಗ ಅದು ಅಲ್ಲೇ ಇರುವುದು ಕಾಣುತ್ತದೆ. ಒಮ್ಮೆ ಕಂಡಿದ್ದರೆ, ಹುಟ್ಟಿದ ಮೇಲೆ ಪರೀಕ್ಷೆ ಮಾಡಿಸಲೇಬೇಕು.

ಗರ್ಭದಲ್ಲೇ ಚಿಕಿತ್ಸೆ ಉಂಟೇ?

ಕೆಲವರಿಗೆ ಉಂಟು. ಗಟ್ಟಿ ಬಗೆಯ ಸಿಪಿಎಎಂ ದೊಡ್ಡದಾಗಿದ್ದರೆ ತಾಯಿಗೆ ಬೀಟಾಮೆಥಾಸೋನ್ ಚುಚ್ಚುಮದ್ದು ಕೊಡುತ್ತಾರೆ. ಹಲವು ಮಕ್ಕಳಲ್ಲಿ ಇದರಿಂದ ಗಂಟಿನ ಬೆಳವಣಿಗೆ ನಿಂತು ಹೈಡ್ರಾಪ್ಸ್ ಇಳಿದಿದೆ. ಒಂದು ದೊಡ್ಡ ನೀರುಗುಳ್ಳೆ ಇದ್ದರೆ ಸೂಜಿಯಿಂದ ನೀರು ತೆಗೆಯುವುದು, ಅಥವಾ ನೀರು ಹೊರಹೋಗಲು ಸಣ್ಣ ಕೊಳವೆ ಇಡುವುದು ಮತ್ತೊಂದು ದಾರಿ. ಕ್ಯಾಲಿಫೋರ್ನಿಯಾದಲ್ಲಿ ಮೈಕೆಲ್ ಹ್ಯಾರಿಸನ್ ಮತ್ತು ತಂಡ 1981ರಲ್ಲಿ ಗರ್ಭ ತೆರೆದು ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿ ಈ ಶಾಖೆಗೆ ಅಡಿಪಾಯ ಹಾಕಿದರು. ತೀವ್ರವಾದ ಎಡಗಡೆಯ ಸಿಡಿಎಚ್‌ನಲ್ಲಿ ಮಗುವಿನ ಶ್ವಾಸನಾಳದಲ್ಲಿ ಕೆಲವು ವಾರ ಪುಟ್ಟ ಬಲೂನು ಇಡುವ ವಿಧಾನದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬಲೂನು ಇಟ್ಟವರಲ್ಲಿ 100ಕ್ಕೆ 40 ಮಕ್ಕಳು ಬದುಕಿ ಮನೆಗೆ ಹೋದರೆ, ಇಡದವರಲ್ಲಿ 15. ಇಂಥ ಚಿಕಿತ್ಸೆ ದೊಡ್ಡ ನಗರಗಳ ಕೆಲವೇ ಕೇಂದ್ರಗಳಲ್ಲಿ ಮಾತ್ರ. ನಿಮ್ಮ ಮಗುವಿಗೆ ಬೇಕೇ ಎಂದು ತಜ್ಞರೇ ಹೇಳಬೇಕು. ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಹೆರಿಗೆ ಎಲ್ಲಿ?

ನಾವು ಒತ್ತಿ ಹೇಳಬೇಕೆಂದಿರುವ ವಿಷಯ ಇದೇ. ಗಂಟು ದೊಡ್ಡದಿದ್ದರೆ, ಹೃದಯ ಸರಿದಿದ್ದರೆ ಅಥವಾ ಸಿಡಿಎಚ್ ಇದ್ದರೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕ, ವೆಂಟಿಲೇಟರ್ ಮತ್ತು ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರು ಒಂದೇ ಕಡೆ ಇರುವ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು. ಹುಟ್ಟಿದ ಮೇಲೆ ಉಸಿರು ಕಟ್ಟುತ್ತಿರುವ ಕೂಸನ್ನು ಅನಮೋಡ್ ಅಥವಾ ಚೋರ್ಲಾ ಘಾಟಿನಲ್ಲಿ, ಅದೂ ಮಳೆಗಾಲದಲ್ಲಿ, ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕರೆದೊಯ್ಯುವುದು ಎಷ್ಟೋ ಸುರಕ್ಷಿತ. ಮಗುವಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇನ್ನೊಂದಿಲ್ಲ.

ಗೋವಾದಲ್ಲಿ ಇಂಥ ಹೆರಿಗೆಗಳಿಗೆ ಕೊನೆಗೆ ಕಳುಹಿಸುವ ಸರ್ಕಾರಿ ಆಸ್ಪತ್ರೆ ಬಾಂಬೋಲಿಮ್‌ನ ಗೋವಾ ವೈದ್ಯಕೀಯ ಕಾಲೇಜು. 1842ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ವೈದ್ಯಶಾಲೆಯೇ ಇಂದು ಈ ಕಾಲೇಜಾಗಿದೆ. ಮಾಪುಸಾ ಮತ್ತು ಮಡಗಾಂವ್‌ನ ಜಿಲ್ಲಾ ಆಸ್ಪತ್ರೆಗಳಲ್ಲಿ, ಚಿಕಲಿ ಮತ್ತು ಫೋಂಡಾದ ಆಸ್ಪತ್ರೆಗಳಲ್ಲಿ ತಪಾಸಣೆ ಮಾಡಿಸಿಕೊಳ್ಳುವವರು, ದೋಷ ಕಂಡ ಕೂಡಲೇ ಬಾಂಬೋಲಿಮ್‌ಗೆ ಚೀಟಿ ಬರೆಸಿಕೊಳ್ಳಿ.

ಕರ್ನಾಟಕದ ಕಡೆ ಹೋಗಲೇಬೇಕು ಎನ್ನುವವರಿಗೆ ತವರಿನ ತಾಲೂಕು ಆಸ್ಪತ್ರೆ ಅಥವಾ ಊರಿನ ಸಣ್ಣ ನರ್ಸಿಂಗ್ ಹೋಮ್ ಸಾಕಾಗುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ, ಮಣಿಪಾಲ ಮತ್ತು ಬೆಂಗಳೂರಿನ ದೊಡ್ಡ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ನೋಡಬೇಕು. ಹೋಗುವ ಮೊದಲೇ ಫೋನ್ ಮಾಡಿ “ಮಕ್ಕಳ ಸರ್ಜನ್ ಇದ್ದಾರೆಯೇ, ನವಜಾತರಿಗೆ ವೆಂಟಿಲೇಟರ್ ಇದೆಯೇ” ಎಂದು ಕೇಳಿಕೊಳ್ಳಿ. ತವರಿನ ಹೆರಿಗೆ ಬೇಡ ಎಂದು ನಾವು ಹೇಳುತ್ತಿಲ್ಲ. ಅವ್ವ ಬಂದು ಆಸ್ಪತ್ರೆಯ ಬಳಿ ಉಳಿಯಲಿ, ಬಾಣಂತನ ಆಮೇಲೆ ತವರಿನಲ್ಲೇ ಆಗಲಿ.

ಈ ದೋಷವಿದ್ದರೆ ಸಿಸೇರಿಯನ್ ಆಗಲೇಬೇಕೆಂಬ ನಿಯಮವಿಲ್ಲ. ಬೇರೆ ಕಾರಣವಿಲ್ಲದಿದ್ದರೆ ಸಹಜ ಹೆರಿಗೆ ಆಗಬಹುದು.

ಹುಟ್ಟಿದ ಮೊದಲ ಗಂಟೆ

ರಿಪೋರ್ಟ್ ಕೈಯಲ್ಲಿದ್ದರೆ ಏನು ಬದಲಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ. ಸಿಡಿಎಚ್ ಇರುವ ಮಗು ಉಸಿರಾಡದಿದ್ದಾಗ ಎಲ್ಲ ಮಕ್ಕಳಿಗೆ ಮಾಡುವಂತೆ ಮುಖಕ್ಕೆ ಮಾಸ್ಕ್ ಇಟ್ಟು ಗಾಳಿ ಒತ್ತಿದರೆ, ಆ ಗಾಳಿ ಎದೆಯಲ್ಲಿರುವ ಹೊಟ್ಟೆಚೀಲ ಮತ್ತು ಕರುಳಿಗೆ ಹೋಗಿ ಶ್ವಾಸಕೋಶವನ್ನು ಇನ್ನಷ್ಟು ಒತ್ತುತ್ತದೆ. ಮೊದಲೇ ಗೊತ್ತಿದ್ದರೆ ವೈದ್ಯರು ನೇರವಾಗಿ ಶ್ವಾಸನಾಳಕ್ಕೆ ಕೊಳವೆ ಹಾಕಿ, ಹೊಟ್ಟೆಗೆ ಇನ್ನೊಂದು ಕೊಳವೆ ಇಟ್ಟು ಗಾಳಿ ತೆಗೆಯುತ್ತಾರೆ. ಹಾಲೆ ಉಬ್ಬಿದ ಮಗುವಿನ ಎಕ್ಸ್‌ರೇ ಎದೆಯಲ್ಲಿ ಗಾಳಿ ಸೋರಿದಂತೆ ಕಾಣಬಹುದು. ಗೊತ್ತಿಲ್ಲದೆ ಎದೆಗೆ ಕೊಳವೆ ಚುಚ್ಚಿದರೆ ಹಾನಿ.

ಮೊದಲೇ ಪತ್ತೆಯಾಗದ ಮಕ್ಕಳೂ ಇರುತ್ತವೆ. ಹೊಸ ಕೂಸಿನಲ್ಲಿ ಈ ಲಕ್ಷಣ ಕಂಡರೆ ಕಾಯಬೇಡಿ:

– ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು (ಮಗು ಮಲಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಿ)
– ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆಯುವುದು, ಮೂಗಿನ ಹೊಳ್ಳೆ ಅಗಲವಾಗುವುದು
– ಪ್ರತಿ ಉಸಿರಿಗೂ ನರಳುವ ಸದ್ದು
– ತುಟಿ, ನಾಲಿಗೆ ನೀಲಿಯಾಗುವುದು
– ಹಾಲು ಕುಡಿಯುವಾಗ ಏದುಸಿರು, ನಡುವೆ ಬಿಟ್ಟುಬಿಡುವುದು

ಗೋವಾದಲ್ಲೂ ಕರ್ನಾಟಕದಲ್ಲೂ 108ಕ್ಕೆ ಕರೆ ಮಾಡಿ. ಹೊಟ್ಟೆಗೆ ಬರೆ ಎಳೆಸುವುದು, ಮೂಗಿಗೆ ಎಣ್ಣೆ ಬಿಡುವುದು ಉಸಿರಿನ ತೊಂದರೆಗೆ ಮದ್ದಲ್ಲ. ಅಪಾಯ ಹೆಚ್ಚುತ್ತದೆ, ಹೊತ್ತೂ ಹಾಳು. ಶ್ವಾಸಕೋಶದ ದೋಷವಿರುವ ಮಗುವಿಗೆ ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದನ್ನೂ, ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದನ್ನೂ ಬಿಡಿ. ಮನೆಯೊಳಗೆ ಬೀಡಿ, ಸಿಗರೇಟು ಬೇಡವೇ ಬೇಡ.

ಮಗು ಚೆನ್ನಾಗಿದೆ, ಇನ್ನೇಕೆ ಆಸ್ಪತ್ರೆ?

ಹುಟ್ಟಿದಾಗ ಮಗುವಿಗೆ ಏನೂ ಲಕ್ಷಣವಿಲ್ಲದಿದ್ದರೂ, ಮೊದಲ ಎಕ್ಸ್‌ರೇ ಸರಿ ಇದ್ದರೂ ಗಂಟು ಒಳಗಿರಬಹುದು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿನೊಳಗೆ ಬಣ್ಣದ ದ್ರವ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಹಾಗೇ ಬಿಟ್ಟರೆ ಅದೇ ಜಾಗದಲ್ಲಿ ಸೋಂಕು, ಗಾಳಿ ಸೋರುವುದು, ಬಹಳ ಅಪರೂಪಕ್ಕೆ ಗೆಡ್ಡೆ ಬರುವ ಅಪಾಯ ಇದೆ. ಎದೆಯ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಬರುವ ಮಕ್ಕಳಲ್ಲಿ, ಕ್ಷಯವೆಂದು ಶಂಕಿಸಿದ ಮಕ್ಕಳಲ್ಲಿ, ನಿಜಕ್ಕೂ ಇದ್ದದ್ದು ಇಂಥ ಹುಟ್ಟುದೋಷ ಎಂದು ತಡವಾಗಿ ತಿಳಿಯುವುದುಂಟು.

ಲಕ್ಷಣ ಇರುವ ಮಗುವಿಗೆ ಶಸ್ತ್ರಚಿಕಿತ್ಸೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಲಕ್ಷಣ ಇಲ್ಲದ ಮಗುವಿನ ವಿಷಯದಲ್ಲಿ ವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಸೋಂಕು ತಗಲುವ ಮೊದಲು, ಒಂದು ವರ್ಷ ತುಂಬುವುದರೊಳಗೆ ತೆಗೆಯುವುದು ಒಂದು ಪಕ್ಷ. ನಿಯಮಿತವಾಗಿ ನೋಡುತ್ತಾ ಕಾಯುವುದು ಇನ್ನೊಂದು. ಕಾಯುವುದಾದರೆ ತಪ್ಪದೆ ತೋರಿಸುತ್ತಿರಬೇಕು. ಇವತ್ತು ಗೋವಾ, ಮುಂದಿನ ವರ್ಷ ಬೇರೆ ಊರು ಎಂದು ಕೆಲಸ ಹುಡುಕಿಕೊಂಡು ಸಾಗುವ ಕುಟುಂಬಗಳು ಇದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅವರ ಸಲಹೆ ಅದಕ್ಕೆ ತಕ್ಕಂತೆ ಬದಲಾಗಬಹುದು.

“ಹಾಲೆ ತೆಗೆದರೆ ಮಗು ಮುಂದೆ ಓಡಾಡೀತೇ?” ಎಂಬುದು ತಾಯಂದಿರ ಮೊದಲ ಪ್ರಶ್ನೆ. ಹುಟ್ಟಿದ ಮೊದಲ ಎರಡು ಮೂರು ವರ್ಷ ಶ್ವಾಸಕೋಶದ ಗಾಳಿಗೂಡುಗಳು ವೇಗವಾಗಿ ಹೆಚ್ಚುತ್ತವೆ. ಉಳಿದ ಭಾಗ ಬೆಳೆದು ಜಾಗ ತುಂಬುತ್ತದೆ. ಬಹುಪಾಲು ಮಕ್ಕಳು ಉಳಿದವರಂತೆಯೇ ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಲಸಿಕೆಗಳನ್ನು ತಪ್ಪಿಸಬೇಡಿ. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ: ಆರು ವಾರ, 14 ವಾರ, ಒಂಬತ್ತು ತಿಂಗಳಿಗೆ.

ಖರ್ಚಿನ ವಿಚಾರ

ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಶುರುವಾಯಿತು. ಗೋವಾದಲ್ಲಿ ಐದು ವರ್ಷ ನೆಲೆಸಿದವರಿಗೆ ಇದು ಸಿಗುತ್ತದೆ. ನಮ್ಮಲ್ಲಿ ಹತ್ತಿಪ್ಪತ್ತು ವರ್ಷ ಇಲ್ಲಿದ್ದೂ ವಾಸದ ದಾಖಲೆ ಮಾಡಿಸದವರಿದ್ದಾರೆ. ಬಸುರಿಯ ಸುದ್ದಿ ಬಂದ ತಿಂಗಳಲ್ಲೇ ಈ ಕೆಲಸ ಹಿಡಿಯಿರಿ. ಹೊರರಾಜ್ಯದವರಿಗೆ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2018ರಿಂದ ಶುಲ್ಕ ಜಾರಿಗೆ ಬಂದಿದೆ. ಗಡಿ ಊರುಗಳಿಂದ ಬರುವವರು ಎಷ್ಟಾಗುತ್ತದೆ ಎಂದು ಮೊದಲೇ ವಿಚಾರಿಸಿ. ಕರ್ನಾಟಕದ ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಮತ್ತು ಕಾಯಿಲೆಯ ಕೂಸಿನ ಚಿಕಿತ್ಸೆ ಉಚಿತ.

ತವರಿಗೆ ಹೊರಡುವ ಮುನ್ನ

ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ. ವೈದ್ಯರು ಕೊಂಕಣಿ ಅಥವಾ ಹಿಂದಿಯಲ್ಲಿ ಹೇಳುತ್ತಾರೆ. ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಕನ್ನಡವೊಂದೇ ಗೊತ್ತು. ಹಾಗಾಗಿ ಭಾಷೆ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ರಿಪೋರ್ಟಿನಲ್ಲಿ ಸಿಪಿಎಎಂ, ಸಿಸಿಎಎಂ, ಸೀಕ್ವೆಸ್ಟ್ರೇಶನ್, ಸಿಡಿಎಚ್, ಹೈಡ್ರಾಪ್ಸ್, ಮೀಡಿಯಾಸ್ಟೈನಲ್ ಶಿಫ್ಟ್ ಎಂಬ ಯಾವುದೇ ಪದವಿದೆಯೇ ಎಂದು ಅವರಿಂದ ಓದಿಸಿ. ಕೊನೆಯ ಪದಕ್ಕೆ ಹೃದಯ ಪಕ್ಕಕ್ಕೆ ಸರಿದಿದೆ ಎಂದರ್ಥ. ಇದ್ದರೆ, ಸಾಮಾನು ಕಟ್ಟುವ ಮೊದಲು ಇಷ್ಟು ಮಾಡಿ:

– ಎಲ್ಲ ಸ್ಕ್ಯಾನ್ ರಿಪೋರ್ಟು, ಫಿಲ್ಮು, ತಾಯಿ ಕಾರ್ಡು ಒಂದೇ ಫೈಲಿನಲ್ಲಿ ಹಾಕಿ, ತಾಯಿಯ ಕೈಚೀಲದಲ್ಲೇ ಇಡಿ
– ಪ್ರತಿ ಹಾಳೆಯ ಫೋಟೋ ತೆಗೆದು ಗಂಡ, ಅವ್ವ, ಅಣ್ಣ ಮೂವರ ಮೊಬೈಲಿನಲ್ಲೂ ಇಡಿ
– ಹೆರಿಗೆ ಎಲ್ಲಿ ಆಗಬೇಕು, ಹುಟ್ಟಿದ ಕೂಡಲೇ ಏನು ಮಾಡಬೇಕು, ಏನು ಮಾಡಬಾರದು ಎಂದು ಇಲ್ಲಿಯ ವೈದ್ಯರಿಂದ ಪತ್ರ ಬರೆಸಿಕೊಳ್ಳಿ
– ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ನೋವು ಶುರುವಾಗುವ ಮೊದಲೇ ಹೆಸರು ನೋಂದಾಯಿಸಿ, ಮಕ್ಕಳ ಸರ್ಜನ್ ಅವರನ್ನು ಒಮ್ಮೆ ಕಂಡು ಬನ್ನಿ
– ಕೊನೆಯ ತಿಂಗಳು ಆ ಆಸ್ಪತ್ರೆಗೆ ಹತ್ತಿರದಲ್ಲಿ, ಬಂಧುಗಳ ಮನೆಯಲ್ಲಾದರೂ, ಉಳಿಯಿರಿ

ಕುಬಸದ ಮನೆಗೆ ಹೋದಾಗ ಸೀರೆ, ಬಳೆ, ಬುತ್ತಿಯ ಜೊತೆಗೆ “ಫೈಲು ಇಟ್ಟುಕೊಂಡಿಯೇನವ್ವಾ?” ಎಂದು ಒಂದು ಮಾತು ಕೇಳಿ. ರಿಪೋರ್ಟ್ ಓದಿ ಹೇಳುವವರು ಬೇಕಾದರೆ, ಆಸ್ಪತ್ರೆಯಲ್ಲಿ ಕನ್ನಡದಿಂದ ಕೊಂಕಣಿಗೆ ಮಾತು ಮುಟ್ಟಿಸುವವರು ಬೇಕಾದರೆ, ನಮ್ಮ ಬಳಗದಲ್ಲಿ ಕೇಳಲು ಸಂಕೋಚ ಬೇಡ.